ರೇಸ್ ಕುದುರೆ ತಯಾರಾಗೋದು ಹೇಗೆ? ಎಪ್ಸಮ್‌ನ ಲಾಯಗಳಿಂದ ಒಂದಷ್ಟು ಜೀವವಿಜ್ಞಾನ

ಈ ಸಲದ ಸಂಚಿಕೆಗೆ ನಾವು ಆರಿಸಿಕೊಂಡಿರೋ ಜಾಗ ಲಂಡನ್ನಿನ ದಕ್ಷಿಣದ ಅಂಚಿನಲ್ಲಿದೆ. ಲಂಡನ್ ಬ್ರಿಡ್ಜ್‌ನಿಂದ ಹೊರಡೋ ಲೋಕಲ್ ರೈಲಿನಲ್ಲಿ ಕೂತು ಕೊನೆಯ ನಿಲ್ದಾಣ ಟ್ಯಾಟನಮ್ ಕಾರ್ನರ್‌ನಲ್ಲಿ ಇಳಿಯಬೇಕು. ಲಂಡನ್ ಸಾರಿಗೆಯ ಆರನೇ ವಲಯ ಅದು, ಆಯ್ಸ್ಟರ್ ಕಾರ್ಡ್ ಸಾಕು. ಸ್ವಲ್ಪ ದೂರ ನಡೆದರೆ ಮನೆಗಳ ಸಾಲು ಮುಗಿದು ದೊಡ್ಡ ಹುಲ್ಲುಗಾವಲಿನ ಗುಡ್ಡ ಎದುರಾಗುತ್ತೆ. ಅದೇ ಎಪ್ಸಮ್ ಡೌನ್ಸ್. ಆಡಳಿತದ ಲೆಕ್ಕದಲ್ಲಿ ಇದು ಸರ್ರೆ ಕೌಂಟಿಗೆ ಸೇರಿದ್ದು, ಗ್ರೇಟರ್ ಲಂಡನ್ನಿನ ಗಡಿ ಪಕ್ಕದಲ್ಲೇ ಹಾದು ಹೋಗುತ್ತೆ. 1780ರಿಂದ ಡರ್ಬಿ ರೇಸ್ ನಡೀತಾ ಬಂದಿರೋದು ಇದೇ ಗುಡ್ಡದ ಮೇಲೆ.

ಡರ್ಬಿ ದಿನದ ಟೋಪಿ, ಸೂಟು, ಜೂಜಿನ ಗದ್ದಲ ಎಲ್ಲ ಟಿವಿಯಲ್ಲಿ ನೋಡಿರ್ತೀರಿ. ನಾವು ಮಾತಾಡೋದು ವರ್ಷದ ಉಳಿದ ಬೆಳಗುಗಳ ಬಗ್ಗೆ. ಈ ಗುಡ್ಡದ ಸುತ್ತ ಇವತ್ತಿಗೂ ಸಣ್ಣ ಸಣ್ಣ ಕುದುರೆ ಲಾಯಗಳಿವೆ. ಮುಂದೆ ಮನೆ, ಹಿಂದೆ ಅಂಗಳ, ಅಂಗಳದ ಸುತ್ತ ಅರ್ಧ ಬಾಗಿಲಿನ ಕೋಣೆಗಳು, ಒಂದೊಂದು ಬಾಗಿಲಿಂದಲೂ ಹೊರಗೆ ಚಾಚಿದ ಒಂದೊಂದು ಉದ್ದ ಮುಖ. ಇಂಥ ಲಾಯಗಳಲ್ಲಿ ಅನೇಕವು ಕುಟುಂಬದವರೇ ನಡೆಸೋವು. ಅಪ್ಪ ಟ್ರೇನರ್ ಆದ್ರೆ ಮಗಳು ಅಸಿಸ್ಟೆಂಟ್, ಅಮ್ಮ ಲೆಕ್ಕಪತ್ರ, ರಜೆಗೆ ಬಂದ ಮಗ ಸಗಣಿ ಎತ್ತೋದು. ಕೈಕೆಳಗೆ ಒಂದಿಬ್ಬರೋ ಐದಾರು ಜನವೋ ಸವಾರರು. ಬ್ರಿಟನ್ನಿನ ಲಾಯಗಳಲ್ಲಿ ಹೀಗೆ ಕೆಲಸ ಮಾಡೋ ಸವಾರರಲ್ಲಿ ಭಾರತದಿಂದ ಬಂದವರೂ ಸಾಕಷ್ಟು ಜನ ಇದ್ದಾರೆ.

ಬೆಂಗಳೂರಿನ ಕೇಳುಗರಿಗೆ ಈ ಏರ್ಪಾಡು ಸ್ವಲ್ಪ ವಿಚಿತ್ರ ಅನಿಸಬಹುದು. ನಮ್ಮ ರೇಸ್ ಕೋರ್ಸ್ ರಸ್ತೆಯ ಟರ್ಫ್ ಕ್ಲಬ್‌ನಲ್ಲಿ ಟ್ರೇನರ್‌ಗಳು ಯಾರೇ ಆಗಲಿ, ಕುದುರೆಗಳು ಇರೋದು ಕ್ಲಬ್‌ನ ಲಾಯಗಳಲ್ಲೇ, ಬೆಳಗಿನ ಓಟವೂ ಕ್ಲಬ್‌ನ ಟ್ರ್ಯಾಕ್‌ನಲ್ಲೇ. ಮೈಸೂರಿನಲ್ಲೂ ಹಾಗೇನೇ. ಬ್ರಿಟನ್ನಿನಲ್ಲಿ ಟ್ರೇನರ್‌ಗೆ ತನ್ನದೇ ಲಾಯ ಇರುತ್ತೆ, ಕುದುರೆ ಬೇರೆಯವರದ್ದು. ಮಾಲೀಕರು ದಿನಕ್ಕಿಷ್ಟು ಅಂತ ದುಡ್ಡು ಕೊಟ್ಟು ಕುದುರೆಯನ್ನ ಬಿಟ್ಟಿರ್ತಾರೆ, ರೇಸ್ ದಿನ ಮಾತ್ರ ಅದು ಲಾರಿ ಹತ್ತಿ ಬೇರೆ ಊರಿಗೆ ಹೋಗುತ್ತೆ. ನಮ್ಮ ಕಡೆ ಇದಕ್ಕೆ ಹತ್ತಿರದ್ದು ಹುಡುಕಿದ್ರೆ ತುಳುನಾಡಿನಲ್ಲಿ ಕಂಬಳದ ಕೋಣ ಸಾಕೋ ಮನೆಗಳು. ಎಣ್ಣೆ ತಿಕ್ಕೋದು, ಹುರುಳಿ ಬೇಯಿಸಿ ಹಾಕೋದು, ಕಾಲು ಮುಟ್ಟಿ ನೋಡೋದು, ಎಲ್ಲ ಮನೆಮಂದಿಯ ಕೈಯಲ್ಲೇ. ಅಂದ ಹಾಗೆ ಹುರುಳಿಗೆ ಇಂಗ್ಲಿಷ್‌ನಲ್ಲಿ ಹಾರ್ಸ್ ಗ್ರಾಮ್ ಅಂತ ಹೆಸರು ಬಂದಿದ್ದೇ ಅದನ್ನ ಕುದುರೆಗೆ ಹಾಕ್ತಿದ್ರು ಅನ್ನೋ ಕಾರಣಕ್ಕೆ. ಎಪ್ಸಮ್‌ನಲ್ಲಿ ಮಾತ್ರ ಓಟ್ಸ್ ಮತ್ತು ಅರೆಬರೆ ಒಣಗಿಸಿದ ಹುಲ್ಲು.

ಈಗ ನಮ್ಮ ಪ್ರಶ್ನೆ. ತರಬೇತಿ ಅಂತೀವಲ್ಲ, ಅದು ಕುದುರೆಯ ದೇಹದಲ್ಲಿ ಏನು ಮಾಡುತ್ತೆ? ಓಡೋದು ಕುದುರೆಗೆ ಹುಟ್ಟಿನಿಂದಲೇ ಬರುತ್ತೆ, ಕಲಿಸಬೇಕಾಗಿಲ್ಲ. ಹಾಗಾದ್ರೆ ಬೆಳಗಿನ ಆರು ಗಂಟೆಗೇ ಎಬ್ಬಿಸಿ, ಜೀನು ಲಗಾಮು ಹಾಕಿ, ತಿಂಗಳುಗಟ್ಟಲೆ ಗುಡ್ಡ ಹತ್ತಿಸೋದು ಯಾಕೆ?

ಮೊದಲು ಕಾಲು ನೋಡೋಣ. ಕುದುರೆಯ ಮುಂಗಾಲಿನಲ್ಲಿ ನಾವು ಮೊಣಕಾಲು ಅಂದುಕೊಳ್ಳೋ ಕೀಲು ನಿಜವಾಗಿ ಮಣಿಕಟ್ಟು. ಅದರ ಕೆಳಗಿರೋ ಉದ್ದನೆಯ ಮೂಳೆ, ಅಂದ್ರೆ ಕ್ಯಾನನ್ ಮೂಳೆ, ನಮ್ಮ ಅಂಗೈಯೊಳಗೆ ನಡುಬೆರಳಿಗೆ ಹೋಗೋ ಮೂಳೆಗೆ ಸಮ. ಗೊರಸು ಅಂದ್ರೆ ನಡುಬೆರಳಿನ ಉಗುರು. ನಿಮ್ಮ ನಡುಬೆರಳನ್ನ ಮೇಜಿನ ಮೇಲೆ ನೆಟ್ಟಗೆ ಊರಿ ನೋಡಿ. ಕುದುರೆ ನಿಂತಿರೋದು ಹಾಗೆ, ಒಂದೊಂದು ಕಾಲಿಗೆ ಒಂದೊಂದೇ ಬೆರಳು. ಇನ್ನೊಂದು ವಿಷಯ, ಆ ಮಣಿಕಟ್ಟಿನಿಂದ ಕೆಳಗೆ ಮಾಂಸಖಂಡವೇ ಇಲ್ಲ ಅನ್ನಬಹುದು. ಇರೋದು ಮೂಳೆ, ಹಗ್ಗದಂಥ ಸ್ನಾಯುರಜ್ಜುಗಳು, ಮೇಲೆ ಚರ್ಮ. ಕಾಲಿನ ತುದಿ ಹಗುರ ಇದ್ದಷ್ಟೂ ಬೇಗ ಬೀಸಬಹುದು, ಅದಕ್ಕೇ ವಿಕಾಸ ಭಾರವನ್ನೆಲ್ಲ ಮೇಲಕ್ಕೆ, ಭುಜಕ್ಕೂ ತೊಡೆಗೂ ತಳ್ಳಿದೆ.

ಕನ್ನಡದಲ್ಲಿ ನಾಗಾಲೋಟ ಅಂತ ಚೆಂದದ ಪದ ಇದೆ, ನಾಲ್ಕು ಕಾಲಿನ ಓಟ. ಈ ಓಟದಲ್ಲಿ ನಾಲ್ಕು ಕಾಲೂ ಒಂದಾದ ಮೇಲೊಂದು ನೆಲ ಮುಟ್ಟುತ್ತವೆ. ಆಮೇಲೆ ಒಂದು ಕ್ಷಣ ನಾಲ್ಕೂ ಗಾಳಿಯಲ್ಲಿ. ಹೀಗೊಂದು ಕ್ಷಣ ಇದೆ ಅಂತ ಫೋಟೋದಲ್ಲಿ ತೋರಿಸಿದವರು ಎಡ್ವರ್ಡ್ ಮೈಬ್ರಿಜ್. ಹುಟ್ಟಿದ್ದೂ ತೀರಿಕೊಂಡಿದ್ದೂ ಎಪ್ಸಮ್‌ಗೆ ಹತ್ತಿರದ ಕಿಂಗ್‌ಸ್ಟನ್ ಅಪಾನ್ ಥೇಮ್ಸ್‌ನಲ್ಲಿ, ಆದರೆ ಆ ಫೋಟೋ ತೆಗೆದಿದ್ದು 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿಯವರೆಗೆ ಚಿತ್ರಕಾರರು ಓಡೋ ಕುದುರೆಯನ್ನ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಹಾರುವಂತೆ ಬರೀತಿದ್ರು. ಫೋಟೋದಲ್ಲಿ ಕಂಡಿದ್ದು ಉಲ್ಟಾ. ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಮುದುರಿಕೊಂಡಾಗಲೇ ಕುದುರೆ ಗಾಳಿಯಲ್ಲಿರೋದು.

ಕಾಲುಗಳು ಒಂದೊಂದಾಗಿ ನೆಲ ಮುಟ್ಟುತ್ತವೆ ಅಂದ್ರೆ ಏನರ್ಥ? ಇಡೀ ದೇಹದ ಹೊರೆ ಒಂದು ಕ್ಷಣ ಒಂದೇ ಕಾಲಿನ ಮೇಲೆ, ಅಂದ್ರೆ ಒಂದೇ ಬೆರಳಿನ ಮೇಲೆ. ರೇಸ್ ಕುದುರೆಯ ತೂಕ ಸುಮಾರು 500 ಕಿಲೋ. ಪೂರ್ತಿ ವೇಗದಲ್ಲಿ ಮುಂಗಾಲಿನ ಮೇಲೆ ಬೀಳೋ ಬಲ ದೇಹದ ತೂಕದ ಸುಮಾರು ಎರಡೂವರೆ ಪಟ್ಟು, ಒಂದು ಟನ್ನಿಗೂ ಮೇಲೆ. ಡರ್ಬಿಯ ದೂರ ಸುಮಾರು 2,420 ಮೀಟರ್. 2010ರಲ್ಲಿ ವರ್ಕ್‌ಫೋರ್ಸ್ ಅನ್ನೋ ಕುದುರೆ ಅದನ್ನ 2 ನಿಮಿಷ 31.33 ಸೆಕೆಂಡಿನಲ್ಲಿ ಓಡಿತು. ಲೆಕ್ಕ ಹಾಕಿ, ಗಂಟೆಗೆ 57 ಕಿಲೋಮೀಟರಿಗೂ ಹೆಚ್ಚಿನ ಸರಾಸರಿ ವೇಗ. ಒಂದು ನೆಗೆತಕ್ಕೆ ಏಳು ಮೀಟರ್ ಅಂತ ಹಿಡಿದರೆ ಸುಮಾರು 350 ನೆಗೆತ. ಆ ಎರಡೂವರೆ ನಿಮಿಷದಲ್ಲಿ ಒಂದೊಂದು ಮುಂಗಾಲೂ 350 ಸಲ ಒಂದು ಟನ್ ಹೊತ್ತು ಇಳಿಸುತ್ತೆ.

ಇನ್ನು ಎಂಜಿನ್ ಕಡೆ ಬರೋಣ. ಇದು ಕುದುರೆಯ ದೇಹದಲ್ಲಿ ನಮಗೆ ತುಂಬ ಇಷ್ಟವಾದ ಭಾಗ, ಸ್ವಲ್ಪ ಹೊತ್ತು ಇಲ್ಲೇ ನಿಲ್ತೀವಿ. ಸುಮ್ಮನೆ ನಿಂತ ಕುದುರೆಯ ಹೃದಯ ನಿಮಿಷಕ್ಕೆ ಮೂವತ್ತು ಚಿಲ್ಲರೆ ಸಲ ಬಡಿಯುತ್ತೆ, ನಮ್ಮದರ ಅರ್ಧ. ಪೂರ್ತಿ ಓಟದಲ್ಲಿ ಅದೇ ಹೃದಯ 220 ದಾಟುತ್ತೆ, 240ರವರೆಗೂ ಹೋಗೋದುಂಟು. ಅಷ್ಟು ಬೇಗ ಪಂಪ್ ಮಾಡಿದ್ರೆ ಸಾಲದು, ರಕ್ತದಲ್ಲಿ ಆಮ್ಲಜನಕ ಹೊರೋ ಕೆಂಪು ಕಣಗಳೂ ಬೇಕಲ್ಲ? ಅದಕ್ಕೆ ಕುದುರೆಯ ಬಳಿ ಒಂದು ಗೋದಾಮಿದೆ. ಗುಲ್ಮ, ಅಂದ್ರೆ ಸ್ಪ್ಲೀನ್. ವಿಶ್ರಾಂತಿಯಲ್ಲಿದ್ದಾಗ ಕೆಂಪು ಕಣಗಳ ಸುಮಾರು ಮೂರನೇ ಒಂದು ಭಾಗ ಅದರೊಳಗೆ ಇರುತ್ತೆ. ಓಟ ಶುರುವಾಯ್ತು, ಅಡ್ರಿನಲಿನ್ ಬಂತು ಅಂದ್ರೆ ಗುಲ್ಮ ಹಿಂಡಿದ ಬಟ್ಟೆಯ ಹಾಗೆ ಕುಗ್ಗಿ ಅಷ್ಟನ್ನೂ ರಕ್ತಕ್ಕೆ ಸುರಿಯುತ್ತೆ. ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇ. 40ರ ಆಸುಪಾಸಿನಿಂದ ಶೇ. 60ರ ಮೇಲಕ್ಕೆ ಏರುತ್ತೆ. ಮನುಷ್ಯ ಕ್ರೀಡಾಪಟು ಹೀಗೆ ಕೆಂಪು ಕಣ ಏರಿಸಿಕೊಂಡ್ರೆ ಡೋಪಿಂಗ್ ಅಂತ ಆಚೆ ಹಾಕ್ತಾರೆ. ಕುದುರೆಗೆ ಅದು ಹುಟ್ಟಿನಿಂದಲೇ ಬಂದಿದ್ದು.

ಉಸಿರಾಟವೂ ಹೀಗೇ ವಿಶೇಷ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಕಾಲಿನ ಲಯಕ್ಕೆ ಉಸಿರಿನ ಲಯ ಬೆಸೆದುಕೊಂಡಿರುತ್ತೆ. ಬಾಯಿಂದ ಉಸಿರಾಡೋಕೆ ಕುದುರೆಗೆ ಆಗಲ್ಲ, ಎಲ್ಲ ಮೂಗಿನಿಂದಲೇ. ಒಂದೊಂದು ಉಸಿರಿಗೆ 12ರಿಂದ 15 ಲೀಟರ್ ಗಾಳಿ. ಇಷ್ಟೆಲ್ಲ ಸೇರಿ ರೇಸ್ ಕುದುರೆ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 140ರಿಂದ 180 ಮಿಲಿಲೀಟರ್ ಆಮ್ಲಜನಕ ಬಳಸಬಲ್ಲದು. ಒಲಿಂಪಿಕ್ಸ್ ಮಟ್ಟದ ದೂರ ಓಟಗಾರರಲ್ಲಿ ಈ ಅಂಕಿ 80-90ರ ಸುತ್ತ ನಿಲ್ಲುತ್ತೆ.

ಇಲ್ಲಿಗೆ ನಮ್ಮ ಮುಖ್ಯ ವಿಷಯಕ್ಕೆ ಬಂದ್ವಿ. ಈ ಎಂಜಿನ್ ತರಬೇತಿಗೆ ಬಹಳ ಬೇಗ ಸ್ಪಂದಿಸುತ್ತೆ. ಓಡೋಕೆ ಶುರು ಮಾಡಿದ ಒಂದೆರಡು ವಾರದಲ್ಲೇ ರಕ್ತದ ದ್ರವಭಾಗ ಹೆಚ್ಚುತ್ತೆ. ಎರಡು ತಿಂಗಳೊಳಗೆ ಮಾಂಸಖಂಡದಲ್ಲಿ ಮೈಟೋಕಾಂಡ್ರಿಯಾಗಳು ಸಾಕಷ್ಟು ಹೆಚ್ಚಿರುತ್ತವೆ. ಹೊಟ್ಟೆಯ ಕೊಬ್ಬು ಕರಗಿ, ಮೈ ಹೊಳಪು ಬಂದು, ಕುದುರೆ ಲಗಾಮು ಎಳೀತಾ ಕುಣಿಯೋಕೆ ಶುರು ಮಾಡುತ್ತೆ. ನೋಡಿದವರು ರೆಡಿ ಅಂತಾರೆ. ಮಾಲೀಕರಂತೂ ಫೋನ್ ಮಾಡಿ ಯಾವಾಗ ರೇಸ್ ಅಂತ ಕೇಳ್ತಾರೆ. ಆದರೆ ಆ ಒಂದು ಟನ್ ಹೊರಬೇಕಾದ ಮೂಳೆ ಆಗ ಇನ್ನೂ ಅರ್ಧ ದಾರಿಯಲ್ಲಿರುತ್ತೆ. ಸ್ನಾಯುರಜ್ಜಂತೂ ಹೊರಟೇ ಇರಲ್ಲ. ಟ್ರೇನರ್‌ನ ಕೆಲಸ ಅಂದ್ರೆ ಕುದುರೆಯನ್ನ ಬೇಗ ಓಡಿಸೋದು ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಅವರ ದಿನದ ಬಹುಪಾಲು ಹೋಗೋದು ಓಡಬಲ್ಲ ಕುದುರೆಯನ್ನ ಓಡದ ಹಾಗೆ ತಡೆಯೋದರಲ್ಲಿ, ಎಂಜಿನ್ನಿಗೆ ಮೂಳೆ ಜೊತೆಗೂಡೋವರೆಗೆ.

ಮೂಳೆ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮೂಳೆ ಅಂದ್ರೆ ಕಲ್ಲಿನ ಹಾಗೆ ಜಡ ಅಂತ ಅನಿಸುತ್ತೆ, ಆದರೆ ಅದು ದಿನವೂ ರಿಪೇರಿ ನಡೆಯೋ ಕಟ್ಟಡ. ಭಾರ ಬಿದ್ದ ಕಡೆ ಹೊಸ ಪದರ ಕಟ್ಟಿಕೊಳ್ಳುತ್ತೆ, ಭಾರ ಇಲ್ಲದ ಕಡೆ ತೆಳುವಾಗುತ್ತೆ. ಎಷ್ಟು ಸಲ ಭಾರ ಬಿದ್ದರೆ ಸಾಕು? ಕ್ಲಿಂಟನ್ ರೂಬಿನ್ ಮತ್ತು ಲ್ಯಾನ್ಸ್ ಲ್ಯಾನ್ಯನ್ 1984ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಲ್ಯಾನ್ಯನ್ ಮುಂದೆ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಪ್ರಾಂಶುಪಾಲರಾದವರು. ಅವರು ಹುಂಜದ ರೆಕ್ಕೆಯ ಮೂಳೆಗೆ ಯಂತ್ರದಿಂದ ಲೆಕ್ಕ ಹಾಕಿ ಭಾರ ಕೊಟ್ಟರು. ದಿನಕ್ಕೆ ಬರೀ ನಾಲ್ಕು ಸಲ ಭಾರ ಕೊಟ್ಟರೂ ಮೂಳೆ ಸವೆಯಲಿಲ್ಲ. 36 ಸಲ ಕೊಟ್ಟಾಗ ಹೊಸ ಮೂಳೆ ಚೆನ್ನಾಗಿ ಬೆಳೆಯಿತು. 1,800 ಸಲ ಕೊಟ್ಟರೆ? 36ಕ್ಕೆ ಬಂದದ್ದಕ್ಕಿಂತ ಹೆಚ್ಚೇನೂ ಬರಲಿಲ್ಲ.

ಕುದುರೆ ಲಾಯದ ಮಟ್ಟಿಗೆ ಇದು ದೊಡ್ಡ ಮಾತು. ದಿನವೂ ಹತ್ತು ಕಿಲೋಮೀಟರ್ ಓಡಿಸಿ ಮೂಳೆ ಗಟ್ಟಿ ಮಾಡ್ತೀನಿ ಅಂತ ಹೊರಟರೆ ಮೂಳೆಗೆ ಬೇಕಾದ ಸಂದೇಶ ಮೊದಲ ನೂರು ಗಜದಲ್ಲೇ ತಲುಪಿರುತ್ತೆ, ಉಳಿದದ್ದೆಲ್ಲ ಸವೆತ. ಇದಕ್ಕೆ ಇನ್ನೊಂದು ತಿರುವನ್ನ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೇವಿಡ್ ನುನಮೇಕರ್ ಸೇರಿಸಿದರು. ಎರಡು ವರ್ಷದ ಕುದುರೆಗಳಲ್ಲಿ ಕ್ಯಾನನ್ ಮೂಳೆಯ ಮುಂಭಾಗ ಊದಿ ನೋಯೋದು ಸಾಮಾನ್ಯ ತೊಂದರೆ. ಅವರ ತಂಡ ಕಂಡುಕೊಂಡಿದ್ದು ಏನಂದ್ರೆ, ನಿಧಾನ ಓಟದಲ್ಲಿ ಮೂಳೆ ಬಾಗೋ ದಿಕ್ಕೇ ಬೇರೆ, ರೇಸ್ ವೇಗದಲ್ಲಿ ಬಾಗೋ ದಿಕ್ಕೇ ಬೇರೆ. ಬರೀ ನಿಧಾನಕ್ಕೆ ಓಡಿಸಿ ಬೆಳೆಸಿದ ಮೂಳೆ ನಿಧಾನ ಓಟಕ್ಕೆ ತಕ್ಕ ಆಕಾರ ಪಡೆಯುತ್ತೆ. ಆಮೇಲೆ ಒಂದು ದಿನ ಏಕಾಏಕಿ ರೇಸ್‌ಗೆ ಇಳಿಸಿದ್ರೆ ತಪ್ಪು ಕಡೆಯಿಂದ ಹೊರೆ ಬೀಳುತ್ತೆ. ಹಾಗಾಗಿ ಮೊದಲಿನಿಂದಲೂ ವಾರಕ್ಕೆ ಒಂದೆರಡು ಸಲ ಸ್ವಲ್ಪ ದೂರ, ನೂರಿನ್ನೂರು ಮೀಟರ್, ನಿಜವಾದ ವೇಗದಲ್ಲಿ ಓಡಿಸಬೇಕು. ಉಪ್ಪು ಹಾಕಿದ ಹಾಗೆ, ಸ್ವಲ್ಪವೇ, ಆದರೆ ಬಿಡಬಾರದು.

ಎಪ್ಸಮ್‌ನ ಲಾಯಗಳ ವಾರದ ಪದ್ಧತಿ ನೋಡಿದ್ರೆ ಇದಕ್ಕೆ ಹೊಂದಿಕೆಯಾಗುತ್ತೆ. ಹೆಚ್ಚು ದಿನ ನಡಿಗೆ, ಟ್ರಾಟ್, ಹದವಾದ ಕ್ಯಾಂಟರ್. ವಾರದಲ್ಲಿ ಎರಡು ದಿನ ಮಾತ್ರ ಜೋರು ಕೆಲಸ. ಯಾಕೆ ಎರಡೇ? ಮೂಳೆಯ ಕಾರಣ ಒಂದಾದ್ರೆ, ಇನ್ನೊಂದು ಇಂಧನದ್ದು. ಮಾಂಸಖಂಡದಲ್ಲಿ ಕೂಡಿಟ್ಟ ಗ್ಲೈಕೋಜನ್ ಜೋರು ಓಟದಲ್ಲಿ ಖರ್ಚಾಗುತ್ತೆ. ಮನುಷ್ಯ ಅನ್ನವನ್ನೋ ಪಾಸ್ತಾವನ್ನೋ ತಿಂದು ಒಂದು ದಿನದಲ್ಲಿ ಬಹುಮಟ್ಟಿಗೆ ತುಂಬಿಕೊಳ್ತಾನೆ. ಕುದುರೆಗೆ ಎರಡರಿಂದ ಮೂರು ದಿನ ಬೇಕು. ಮಂಗಳವಾರ ಓಡಿಸಿದ್ರೆ ಮುಂದಿನದು ಶುಕ್ರವಾರವೋ ಶನಿವಾರವೋ ಅನ್ನೋ ಪದ್ಧತಿ ಬಂದಿದ್ದು ಗ್ಲೈಕೋಜನ್ ಅನ್ನೋ ಪದ ಕೇಳಿರದ ಕಾಲದಲ್ಲಿ. ಅನುಭವ ಮೊದಲು ಬಂತು, ವಿವರಣೆ ಆಮೇಲೆ ಬಂತು. ನಮ್ಮಂಥ ಪ್ರಯೋಗಾಲಯದವರಿಗೆ ಇದು ಸ್ವಲ್ಪ ಜಂಬ ಇಳಿಸೋ ವಿಷಯ.

ಮೂಳೆ ವಿಷಯದಲ್ಲಿ ಒಂದು ಬಲೆಯೂ ಇದೆ. ಸಣ್ಣ ಬಿರುಕು ಬಿದ್ದ ಹಳೆಯ ಮೂಳೆಯನ್ನ ಬದಲಿಸೋವಾಗ ದೇಹ ಮೊದಲು ಅಗೆಯುತ್ತೆ, ಆಮೇಲೆ ತುಂಬುತ್ತೆ. ಅಗೆಯೋ ಜೀವಕೋಶಗಳು ಕೆಲವೇ ವಾರದಲ್ಲಿ ಕೆಲಸ ಮುಗಿಸುತ್ತವೆ, ತುಂಬೋ ಜೀವಕೋಶಗಳಿಗೆ ತಿಂಗಳುಗಳು ಬೇಕು. ನಮ್ಮ ಊರಿನ ರಸ್ತೆಗಳ ಕಥೆ ಅಂದುಕೊಳ್ಳಿ, ಅಗೆದವರು ಒಂದೇ ದಿನಕ್ಕೆ ಬಂದು ಹೋಗಿರ್ತಾರೆ. ಈ ನಡುವಿನ ಅವಧಿಯಲ್ಲಿ ಮೂಳೆ ಮೊದಲಿಗಿಂತ ದುರ್ಬಲ. ಕುದುರೆಗೆ ಒಂದೆರಡು ತಿಂಗಳು ವಿಶ್ರಾಂತಿ ಕೊಟ್ಟು ಮತ್ತೆ ಕೆಲಸಕ್ಕೆ ತಂದಾಗ ಅಪಾಯ ಹೆಚ್ಚಿರೋದು ಇದಕ್ಕೇ. ವಿಶ್ರಾಂತಿ ಪಡೆದು ಬಂದ ಕುದುರೆ ಉತ್ಸಾಹದಿಂದ ಕುಣೀತಿರುತ್ತೆ, ಒಳಗೆ ಗುಂಡಿಗಳು ಇನ್ನೂ ಮುಚ್ಚಿರಲ್ಲ. ಕ್ಯಾಲಿಫೋರ್ನಿಯಾದಲ್ಲಿ ತೋಳ್ಮೂಳೆ ಮುರಿದುಕೊಂಡ ಕುದುರೆಗಳ ದಾಖಲೆ ತೆಗೆದು ನೋಡಿದಾಗ ಹೀಗೆ ವಿಶ್ರಾಂತಿಯಿಂದ ಮರಳಿದವುಗಳಲ್ಲಿ ಅಪಾಯ ಹೆಚ್ಚಿದ್ದು ಕಂಡುಬಂತು.

ಬ್ರಿಟನ್ನಿನಲ್ಲಿ ಈ ಬಗ್ಗೆ ತುಂಬ ಅಚ್ಚುಕಟ್ಟಾದ ಕೆಲಸ ಮಾಡಿದವರು ರಾಯಲ್ ವೆಟರ್ನರಿ ಕಾಲೇಜಿನ ಕ್ರಿಸ್ಟಿಯನ್ ವೆರ್ಹೇಯನ್. ಹಲವು ಲಾಯಗಳ ಸಾವಿರಕ್ಕೂ ಹೆಚ್ಚು ಕುದುರೆಗಳು ದಿನಕ್ಕೆ ಎಷ್ಟು ದೂರ, ಎಷ್ಟು ವೇಗದಲ್ಲಿ ಓಡಿದವು ಅನ್ನೋದನ್ನ ಬರೆದಿಟ್ಟು, ಯಾವುದಕ್ಕೆ ಮೂಳೆ ಮುರೀತು ಅಂತ ಅವರೂ ಸಹೋದ್ಯೋಗಿಗಳೂ ಹೋಲಿಸಿ ನೋಡಿದರು. ಬಹುಪಾಲು ಮೂಳೆ ಮುರಿತ ಆಗಿದ್ದು ರೇಸ್‌ನಲ್ಲಲ್ಲ, ಬೆಳಗಿನ ತರಬೇತಿಯಲ್ಲಿ. ಕಡಿಮೆ ಅವಧಿಯಲ್ಲಿ ಕ್ಯಾಂಟರೂ ಜೋರು ಓಟವೂ ಎರಡೂ ಹೆಚ್ಚಾದಾಗ ಅಪಾಯ ಏರಿತು. ಕ್ಯಾಮೆರಾ ಇಲ್ಲದ, ಪ್ರೇಕ್ಷಕರಿಲ್ಲದ ಬೆಳಗುಗಳ ಬಗ್ಗೆ ನಾವು ಇಷ್ಟು ಹೊತ್ತು ಮಾತಾಡ್ತಿರೋದು ಈ ಕಾರಣಕ್ಕೇ.

ಸ್ನಾಯುರಜ್ಜಿನ ಕಥೆ ಚಿಕ್ಕದು, ಮೂಳೆಯಷ್ಟು ಆಶಾದಾಯಕವೂ ಅಲ್ಲ. ಮುಂಗಾಲಿನ ಹಿಂಬದಿಯಲ್ಲಿರೋ ರಜ್ಜು ಸ್ಪ್ರಿಂಗ್‌ನ ಹಾಗೆ. ಕಾಲೂರಿದಾಗ ಹಿಗ್ಗಿ ಶಕ್ತಿ ಕೂಡಿಟ್ಟುಕೊಂಡು, ಎತ್ತುವಾಗ ವಾಪಸ್ ಕೊಡುತ್ತೆ. ನಾಗಾಲೋಟದಲ್ಲಿ ಅದು ತನ್ನ ಉದ್ದದ ಶೇ. 16ರವರೆಗೂ ಹಿಗ್ಗುತ್ತೆ, ಹರಿದುಹೋಗೋ ಮಟ್ಟಕ್ಕೆ ತೀರ ಹತ್ತಿರ. ಹಿಗ್ಗಿ ಕುಗ್ಗುವಾಗ ಸ್ವಲ್ಪ ಶಕ್ತಿ ಶಾಖವಾಗುತ್ತೆ. ಅಲ್ಲಿ ರಕ್ತದ ಓಡಾಟ ಕಡಿಮೆ, ಹಾಗಾಗಿ ರಜ್ಜಿನ ಒಡಲು 45 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗೋದನ್ನ ಅಳೆದು ನೋಡಿದ್ದಾರೆ. ಕುದುರೆಗೆ ಎರಡು ವರ್ಷ ದಾಟಿದ ಮೇಲೆ ತರಬೇತಿಯಿಂದ ಈ ರಜ್ಜು ಗಟ್ಟಿಯಾಗೋದು ಬಹಳ ಕಡಿಮೆ. ಒಮ್ಮೆ ಹರಿದರೆ ಕಲೆಗಟ್ಟಿದ ಗಡಸು ಅಂಗಾಂಶ ಬೆಳೆಯುತ್ತೆ, ಮೊದಲಿನ ಸ್ಪ್ರಿಂಗ್ ಬರಲ್ಲ. ವರ್ಷದ ಹತ್ತಿರ ವಿಶ್ರಾಂತಿ, ಆಮೇಲೂ ಮತ್ತೆ ಹರಿಯೋ ಭಯ. ಮೂಳೆಮಜ್ಜೆಯ ಕಾಂಡಕೋಶಗಳನ್ನ ರಜ್ಜಿಗೆ ಚುಚ್ಚೋ ಚಿಕಿತ್ಸೆಯನ್ನ ಅದೇ ಕಾಲೇಜಿನ ರೋಜರ್ ಸ್ಮಿತ್ ಮತ್ತು ಜೊತೆಗಾರರು ಬೆಳೆಸಿದರು. ಅದು ಕುದುರೆಯಿಂದ ಮನುಷ್ಯರ ಕಡೆಗೂ ಬರ್ತಾ ಇದೆ.

ಹಾಗಿದ್ರೆ ಎರಡು ವರ್ಷದ ಮರಿಗಳನ್ನ ರೇಸ್‌ಗೆ ಇಳಿಸೋದು ತಪ್ಪಲ್ವಾ ಅಂತ ಕೇಳಬಹುದು. ಇದಕ್ಕೆ ಉತ್ತರ ಕೊಡೋ ಮುಂಚೆ ಹಳೆಯ ಒಂದು ಕುದುರೆಯ ಕಥೆ. 1764ರ ಏಪ್ರಿಲ್ 1ರಂದು ಸೂರ್ಯಗ್ರಹಣ. ಆ ದಿನ ವಿಂಡ್ಸರ್ ಬಳಿ ಹುಟ್ಟಿದ ಮರಿಗೆ ಎಕ್ಲಿಪ್ಸ್ ಅಂತಲೇ ಹೆಸರಿಟ್ಟರು. ಸಾಕಿದ ಡ್ಯೂಕ್ ತೀರಿಕೊಂಡ ಮೇಲೆ ಅದನ್ನ ಕೊಂಡವರು ವಿಲಿಯಂ ವೈಲ್ಡ್‌ಮನ್, ಲಂಡನ್ನಿನ ಸ್ಮಿತ್‌ಫೀಲ್ಡ್ ಸಂತೆಯ ಜಾನುವಾರು ವ್ಯಾಪಾರಿ. ಎಪ್ಸಮ್ ಹತ್ತಿರದ ಮಿಕಲ್‌ಹ್ಯಾಮ್‌ನಲ್ಲಿ ಅವರ ಲಾಯ. ರಾಜವಂಶದವರಲ್ಲ, ದೊಡ್ಡ ಜಮೀನ್ದಾರರಲ್ಲ. ಎಕ್ಲಿಪ್ಸ್ ಮೊದಲ ರೇಸ್ ಓಡಿದ್ದು 1769ರ ಮೇ ತಿಂಗಳಲ್ಲಿ, ಎಪ್ಸಮ್‌ನಲ್ಲೇ, ಐದು ವರ್ಷ ತುಂಬಿದ ಮೇಲೆ. ಅದೂ ಸೇರಿ 1770ರವರೆಗೆ ಒಟ್ಟು ಹದಿನೆಂಟು ರೇಸ್‌ಗಳು, ಒಂದರಲ್ಲೂ ಸೋಲಲಿಲ್ಲ. 1789ರಲ್ಲಿ ಲಂಡನ್ನಿನ ವಾಯವ್ಯದ ಎಡ್ಜ್‌ವೇರ್ ಬಳಿ ಹೊಟ್ಟೆಶೂಲೆಯಿಂದ ಸತ್ತಿತು. ಫ್ರಾನ್ಸಿನಿಂದ ಬಂದಿದ್ದ ಸೇನ್‌ಬೆಲ್ ಅನ್ನೋ ಪಶುವೈದ್ಯರು ಅದನ್ನ ಕೊಯ್ದು ನೋಡಿ, ಮೂಳೆಮೂಳೆಯನ್ನೂ ಅಳೆದು ಬರೆದರು. ಹೃದಯ 14 ಪೌಂಡ್ ತೂಗಿತು ಅಂತ ದಾಖಲೆ, ಅಂದ್ರೆ ಆರು ಕಿಲೋಗೂ ಹೆಚ್ಚು. ಎರಡು ವರ್ಷ ಕಳೆದು ಲಂಡನ್ನಿನಲ್ಲಿ ಪಶುವೈದ್ಯ ಕಾಲೇಜು ಶುರುವಾದಾಗ ಅದೇ ಸೇನ್‌ಬೆಲ್ ಮೊದಲ ಮುಖ್ಯಸ್ಥರಾದರು. ಅದೇ ಇವತ್ತಿನ ರಾಯಲ್ ವೆಟರ್ನರಿ ಕಾಲೇಜು. ಎಕ್ಲಿಪ್ಸ್‌ನ ಅಸ್ಥಿಪಂಜರ ಈಗಲೂ ಅವರ ಬಳಿಯೇ ಇದೆ, ಹರ್ಟ್‌ಫರ್ಡ್‌ಷರ್‌ನ ಕ್ಯಾಂಪಸ್‌ನಲ್ಲಿ. ಇವತ್ತಿನ ರೇಸ್ ಕುದುರೆಗಳಲ್ಲಿ ಬಹುಪಾಲು ಗಂಡು ವಂಶದ ಸಾಲಿನಲ್ಲಿ ಹಿಂದಕ್ಕೆ ಹೋದರೆ ಎಕ್ಲಿಪ್ಸ್‌ಗೇ ಮುಟ್ಟುತ್ತವೆ.

ಐದು ವರ್ಷ ಕಾದದ್ದರಿಂದಲೇ ಎಕ್ಲಿಪ್ಸ್ ಗೆದ್ದಿತು ಅಂತ ಹೇಳೋದು ಸುಲಭ, ಆದರೆ ಒಂದು ಕುದುರೆಯಿಂದ ನಿಯಮ ಮಾಡೋಕಾಗಲ್ಲ. ಆ ಕಾಲದಲ್ಲಿ ದೊಡ್ಡ ಕುದುರೆಗಳನ್ನೇ ಮೈಲಿಗಟ್ಟಲೆ ಓಡಿಸ್ತಿದ್ರು. ಇನ್ನೊಂದು ಕಡೆ, ಬೆಳೆಯೋ ವಯಸ್ಸಿನ ಮೂಳೆಯೇ ಭಾರಕ್ಕೆ ಚೆನ್ನಾಗಿ ಸ್ಪಂದಿಸೋದು ಅನ್ನೋದೂ ನಿಜ. ಎರಡನೇ ವಯಸ್ಸಿನಲ್ಲಿ ತರಬೇತಿ ಶುರು ಮಾಡಿದ ಕುದುರೆಗಳ ಓಟದ ಆಯಸ್ಸು ಕಡಿಮೆಯೇನೂ ಆಗಲ್ಲ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಗಟ್ಟಿ ಮರಿಗಳೇ ಬೇಗ ಓಟಕ್ಕೆ ಇಳಿಯುತ್ತವೆ, ಹಾಗಾಗಿ ಆ ಹೋಲಿಕೆಯನ್ನ ಸ್ವಲ್ಪ ಹುಷಾರಾಗಿ ಓದಬೇಕು. ನಮ್ಮ ಅಭಿಪ್ರಾಯ ಕೇಳಿದ್ರೆ, ಬೇಗ ಓಡಾಡಿಸೋದು ಒಳ್ಳೆಯದು, ಬೇಗ ಗೆಲ್ಲಿಸೋ ಆತುರ ಒಳ್ಳೆಯದಲ್ಲ. ಇವೆರಡನ್ನ ಒಂದೇ ಅಂತ ಮಾತಾಡೋದರಿಂದಲೇ ಚರ್ಚೆ ಕೆಡೋದು.

ವಂಶದ ಮಾತು ಬಂದಿದ್ದಕ್ಕೆ ಇನ್ನೊಂದು. ಎಡಿನ್‌ಬರ ವಿಶ್ವವಿದ್ಯಾಲಯದ ಅಲಸ್ಟೇರ್ ವಿಲ್ಸನ್ ಮತ್ತು ಆಂಡ್ರ್ಯೂ ರಾಂಬೋ 2008ರಲ್ಲಿ ಬ್ರಿಟನ್ನಿನ ಕುದುರೆಗಳ ಗೆಲುವಿನ ಹಣವನ್ನ ವಂಶಾವಳಿಯ ಜೊತೆ ಇಟ್ಟು ಲೆಕ್ಕ ಹಾಕಿದರು. ಒಂದು ಕುದುರೆ ಜೀವಮಾನದಲ್ಲಿ ಗಳಿಸೋ ಹಣದ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಸುಮಾರು ಶೇ. 10 ಮಾತ್ರ. ಉಳಿದದ್ದು ಸಾಕಣೆ, ತರಬೇತಿ, ಸವಾರ, ಯಾವ ರೇಸ್‌ಗೆ ಇಳಿಸಿದರು, ಅದೃಷ್ಟ. ಲಕ್ಷಾಂತರ ಪೌಂಡ್ ಕೊಟ್ಟು ವಂಶ ಕೊಳ್ಳೋಕಾಗದ ಸಣ್ಣ ಲಾಯದವರಿಗೆ ಇದು ಸಮಾಧಾನದ ಸುದ್ದಿ. ಅರ್ಧ ಸಮಾಧಾನ ಅನ್ನಿ, ಯಾಕಂದ್ರೆ ಒಳ್ಳೆಯ ಸಾಕಣೆಗೂ ದುಡ್ಡು ಬೇಕು.

ದೊಡ್ಡ ಲಾಯಗಳಲ್ಲಿ ಇನ್ನೂರು ಕುದುರೆ, ಈಜುಕೊಳ, ಟ್ರೆಡ್‌ಮಿಲ್, ಜೀನಿನ ಕೆಳಗೆ ಹೃದಯಬಡಿತ ಮತ್ತು ನೆಗೆತ ಅಳೆಯೋ ಸೆನ್ಸರ್. ಸಣ್ಣ ಲಾಯದಲ್ಲಿ ಇರೋದು ಒಬ್ಬರದೇ ಕೈ. ಬೆಳಗ್ಗೆ ಎದ್ದ ಕೂಡಲೇ ಟ್ರೇನರ್ ಮಾಡೋ ಮೊದಲ ಕೆಲಸ ಮೇವಿನ ತೊಟ್ಟಿ ನೋಡೋದು. ರಾತ್ರಿ ಹಾಕಿದ್ದು ಉಳಿದಿದ್ರೆ ಏನೋ ಸರಿಯಿಲ್ಲ. ಎರಡನೆಯದು ಕುದುರೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ನಾಲ್ಕೂ ಕಾಲನ್ನ ಮೇಲಿಂದ ಕೆಳಕ್ಕೆ ಸವರೋದು. ರಜ್ಜಿನಲ್ಲಿ ಕೂದಲೆಳೆಯಷ್ಟು ನಾರು ಹರಿದರೂ ಅಲ್ಲಿ ಉರಿಯೂತ ಶುರುವಾಗಿ ಚರ್ಮ ಸ್ವಲ್ಪ ಬಿಸಿಯಾಗುತ್ತೆ. ಕುದುರೆ ಕುಂಟೋದು ಆಮೇಲೆ. ಆದರೆ ಎಷ್ಟು ಬಿಸಿ ಅಂದ್ರೆ ಬಿಸಿ? ಅದೇ ಕಾಲು ನಿನ್ನೆ ಹೇಗಿತ್ತು ಅಂತ ಗೊತ್ತಿರೋ ಕೈಗೆ ಮಾತ್ರ ಅದು ಹೇಳೋಕೆ ಬರೋದು. ದಿನವೂ ಬೇರೆ ಬೇರೆಯವರು ಮುಟ್ಟಿದ್ರೆ ಆ ಹೋಲಿಕೆ ಸಿಗಲ್ಲ. ನಮ್ಮ ಟರ್ಫ್ ಕ್ಲಬ್‌ನ ಸೈಸ್‌ಗಳಿಗೂ ಇದು ಚೆನ್ನಾಗಿ ಗೊತ್ತು. ಸೆನ್ಸರ್ ಬೇಡ ಅಂತ ನಾವು ಹೇಳ್ತಿಲ್ಲ. ಕಾಲೂರೋ ಲಯದಲ್ಲಿ ಕಣ್ಣಿಗೆ ಕಾಣದ ಬದಲಾವಣೆ ಹಿಡಿಯೋದರಲ್ಲಿ ಅವು ಕೈಗಿಂತ ಮುಂದೆ ಹೋಗ್ತಾ ಇವೆ. ಎರಡೂ ಇದ್ದರೆ ಕುದುರೆಗೆ ಒಳ್ಳೆಯದು.

ಕುದುರೆಗೆ ಒಳ್ಳೆಯದು ಅನ್ನೋ ಮಾತು ಇಲ್ಲಿ ಬರೀ ಮಾತಲ್ಲ. ಜಿಗಿತದ ರೇಸ್‌ಗಳನ್ನೂ ಸೇರಿಸಿ ಬ್ರಿಟನ್ನಿನಲ್ಲಿ ಸಾವಿರ ಸಲ ಕುದುರೆ ಓಡಿದರೆ ಸುಮಾರು ಎರಡು ಸಲ ಕುದುರೆ ಸಾಯುತ್ತೆ. ಸಪಾಟು ರೇಸ್‌ಗಳಲ್ಲಿ ಇದಕ್ಕಿಂತ ಕಡಿಮೆ. ಒಂದೇ ಬೆರಳಿನ ಮೇಲೆ ನಿಲ್ಲೋ ಪ್ರಾಣಿಗೆ ಕಾಲು ಮುರಿದರೆ ತಿಂಗಳುಗಟ್ಟಲೆ ಮಲಗಿಸಿ ವಾಸಿ ಮಾಡೋಕಾಗಲ್ಲ. ಉಳಿದ ಮೂರು ಕಾಲಿನ ಗೊರಸು ಹೊರೆ ತಾಳದೆ ಉರಿಯೂತಕ್ಕೆ ಬೀಳುತ್ತೆ. ಹಾಗಾಗಿ ಅನೇಕ ಸಲ ಅಲ್ಲೇ ಸೂಜಿ ಕೊಟ್ಟು ಮುಗಿಸ್ತಾರೆ. ಇದು ಬೇಕೇ ಈ ಆಟ ಅಂತ ಕೇಳೋರು ಬ್ರಿಟನ್ನಿನಲ್ಲಿ ಹೆಚ್ಚುತ್ತಿದ್ದಾರೆ, ಕೇಳೋದು ನ್ಯಾಯವೇ. ಲಾಯದವರ ಜೊತೆ ಮಾತಾಡಿದ್ರೆ ಅವರು ಅಂಕಿ ಹೇಳಲ್ಲ, ಹೆಸರು ಹೇಳ್ತಾರೆ, ಯಾವ ಕೋಣೆ ಖಾಲಿಯಾಯ್ತು ಅಂತ ಹೇಳ್ತಾರೆ.

ಎಪ್ಸಮ್‌ನ ಸಣ್ಣ ಲಾಯಗಳ ಸ್ಥಿತಿಯೂ ಅಷ್ಟು ಭದ್ರವಾಗಿಲ್ಲ. ಈ ಊರಿನ ಲಾಯದಲ್ಲೇ ತಯಾರಾಗಿ ಈ ಗುಡ್ಡದ ಮೇಲೇ ಡರ್ಬಿ ಗೆದ್ದ ಕೊನೆಯ ಕುದುರೆ ಏಪ್ರಿಲ್ ದಿ ಫಿಫ್ತ್, 1932ರಲ್ಲಿ. ಅದರ ಟ್ರೇನರ್ ಟಾಮ್ ವಾಲ್ಸ್ ನಾಟಕ-ಸಿನಿಮಾದ ನಟ. ಲಂಡನ್ ಇಷ್ಟು ಹತ್ತಿರ ಇದ್ದರೆ ಲಾಯದ ಜಾಗಕ್ಕೆ ಕುದುರೆಗಿಂತ ಮನೆ ಕಟ್ಟಿದ್ರೇ ಹೆಚ್ಚು ದುಡ್ಡು. ಆದರೂ ಓಡಿಸೋ ನೆಲ ಉಳಿದಿರೋದಕ್ಕೆ ಒಂದು ಕುಟುಂಬದ ಪಾಲು ದೊಡ್ಡದು. ಆಸ್ಟ್ರೇಲಿಯಾದಿಂದ ಬಂದ ರಿಚರ್ಡ್ ವೂಟನ್ ಎಪ್ಸಮ್‌ನ ಟ್ರೆಡ್‌ವೆಲ್ ಹೌಸ್‌ನಲ್ಲಿ ಲಾಯ ನಡೆಸಿದರು. ಮಗ ಫ್ರ್ಯಾಂಕ್ 1909ರಿಂದ 1912ರವರೆಗೆ ಬ್ರಿಟನ್ನಿನ ಚಾಂಪಿಯನ್ ಜಾಕಿ. ಇನ್ನೊಬ್ಬ ಮಗ ಸ್ಟ್ಯಾನ್ಲಿ ಅಪ್ಪನ ಹಾಗೆ ಟ್ರೇನರ್ ಆಗಿ, ಪಕ್ಕದ ವಾಲ್ಟನ್ ಡೌನ್ಸ್‌ನ ಓಟದ ನೆಲವನ್ನ ಕೊಂಡು, ಮುಂದೆ ಅದನ್ನ ತರಬೇತಿಗೆಂದೇ 999 ವರ್ಷದ ಗುತ್ತಿಗೆಗೆ ಬಿಟ್ಟುಕೊಟ್ಟರು. 1984ರಲ್ಲಿ ಈ ಎರಡೂ ಗುಡ್ಡಗಳಿಗಾಗಿಯೇ ಸಂಸತ್ತು ಒಂದು ಕಾಯ್ದೆ ಮಾಡಿತು. ಜನರಿಗೆ ಓಡಾಡೋ ಹಕ್ಕು, ಕುದುರೆಗಳಿಗೆ ತರಬೇತಿಯ ದಾರಿ, ಎರಡೂ ಅದರಲ್ಲಿದೆ. ಕೆಳಗೆ ಸೀಮೆಸುಣ್ಣದ ಬಂಡೆ, ಮಳೆ ನೀರು ನಿಲ್ಲದೆ ಇಳಿದು ಹೋಗುತ್ತೆ. ಮೇಲೆ ಶತಮಾನಗಳ ಹುಲ್ಲಿನ ಬೇರಿನ ಹಾಸು. ಗೊರಸಿಗೆ ಇದಕ್ಕಿಂತ ಒಳ್ಳೆಯ ನೆಲ ಸಿಗೋದು ಕಷ್ಟ.

ಲಂಡನ್ನಿನಲ್ಲಿರೋ ಕೇಳುಗರು ಹೋಗಿ ನೋಡಬಹುದು, ಟಿಕೆಟ್ ಇಲ್ಲ. ಬೆಳಗ್ಗೆ ಏಳರಿಂದ ಹತ್ತರೊಳಗೆ ಹೋಗಿ. ನಾಯಿ ಇದ್ದರೆ ಹಗ್ಗ ಬಿಡಬೇಡಿ, ಗುರುತು ಹಾಕಿದ ಓಟದ ದಾರಿ ದಾಟುವಾಗ ಎರಡೂ ಕಡೆ ನೋಡಿ. ಕುದುರೆಗಳು ಸಾಲಾಗಿ ಹತ್ತಿ ಬರುವಾಗ ಕಾಲಿನ ಸದ್ದಿಗಿಂತ ಮೊದಲು ಉಸಿರಿನ ಸದ್ದು ಕೇಳುತ್ತೆ. ಕಿವಿಗೊಟ್ಟು ಎಣಿಸಿ, ಒಂದು ನೆಗೆತಕ್ಕೆ ಒಂದು ಉಸಿರು. ಆಮೇಲೆ ಅವು ನಡೀತಾ ವಾಪಸ್ ಇಳಿಯುವಾಗ ಮುಂದಿನ ಸವಾರರನ್ನ ನೋಡಿ. ಕುದುರೆ ಎಳೀತಾ ಇರುತ್ತೆ, ಅವರು ಲಗಾಮು ಬಿಗಿಹಿಡಿದು ಸುಮ್ಮನೆ ನಡೆಸ್ತಾ ಇರ್ತಾರೆ.